ಮೊದಲು ಚರಂಡಿ, ಆಮೇಲೆ ರಸ್ತೆ: ಎರೆ ನೆಲದ ಲೇಔಟಿನಲ್ಲಿ ನನ್ನ ಅನುಭವ

ಹೋದ ಅಕ್ಟೋಬರಿನಲ್ಲಿ ನಾಲ್ಕು ದಿನ ಬಿಡದೆ ಮಳೆ ಸುರಿಯಿತು. ನಮ್ಮ ಲೇಔಟಿನಲ್ಲಿ ಎಲ್ಲೂ ನೀರು ನಿಲ್ಲಲಿಲ್ಲ. ಇದೇನು ಮಹಾ ಅಂತ ಬೇರೆಯವರು ಅನ್ನಬಹುದು. ದಾವಣಗೆರೆ ಕಡೆಯ ಎರೆ (ಕಪ್ಪು) ಮಣ್ಣಿನಲ್ಲಿ ಸೈಟು ಮಾಡಿ ಮಾರಿದವರು ಅನ್ನುವುದಿಲ್ಲ. ರಸ್ತೆಗೆ ಮೊದಲು ಚರಂಡಿ ಮುಗಿಸುತ್ತೇನೆ ಅಂದಾಗ ನಕ್ಕವರಲ್ಲಿ ನಮ್ಮ ಭಾವನೇ ಮೊದಲಿಗ. ಅವನು ನನ್ನ ಪಾಲುದಾರ ಬೇರೆ.

ಮೊದಲು ನಾನು ಕೆಟ್ಟ ಕಥೆ ಹೇಳುತ್ತೇನೆ. ಎಂಟು ವರ್ಷದ ಹಿಂದೆ ಎರಡು ಎಕರೆಯಲ್ಲಿ ಮೊದಲ ಲೇಔಟು. ಎಲ್ಲರಂತೆ ಜಂಗಲ್ ತೆಗೆಸಿದೆ, ರಸ್ತೆ ಬಿಡಿಸಿದೆ, ಜಲ್ಲಿ ಹಾಕಿ ಡಾಂಬರು ಮಾಡಿಸಿದೆ. ಗಿರಾಕಿ ಬಂದು ನೋಡಿದರೆ ಕಪ್ಪಗೆ ಹೊಳೆಯಬೇಕಲ್ವಾ? ಚರಂಡಿಯನ್ನು ಕೊನೆಗೆ ಇಟ್ಟುಕೊಂಡೆ. ರಸ್ತೆಯ ಅಂಚು ಹಿಡಿದು ಇಳಿಜಾರು ಕೊಡುತ್ತಾ ಹೋದೆವು. ಹಳ್ಳದ ಹತ್ತಿರ ಬಂದಾಗ ಚರಂಡಿಯ ತಳ ಹಳ್ಳದ ತಳಕ್ಕಿಂತ ಒಂದಡಿ ಕೆಳಗೆ! ಮಳೆ ಬಂದರೆ ನಮ್ಮ ನೀರು ಹಳ್ಳಕ್ಕೆ ಹೋಗುವುದರ ಬದಲು ಹಳ್ಳದ ನೀರೇ ನಮ್ಮ ಕಡೆ ಬರುತ್ತಿತ್ತು. ಆರುನೂರು ಅಡಿ ಹೊಸ ಡಾಂಬರು ಒಡೆಸಿ, ರಸ್ತೆ ಎತ್ತರಿಸಿ ಮತ್ತೆ ಮಾಡಿದೆ. ಏಳೆಂಟು ಲಕ್ಷ ಮಣ್ಣುಪಾಲು.

ಅದಕ್ಕಿಂತ ಜಾಸ್ತಿ ಸುಟ್ಟಿದ್ದು ಬಡ್ಡಿ. ಆಗ ಯೋಜನಾ ಪ್ರಾಧಿಕಾರದವರು ಲೇಔಟಿನ ಸೈಟುಗಳನ್ನು ಮಾರಲು 40-30-30ರಂತೆ ಮೂರು ಹಂತದಲ್ಲಿ ಬಿಡುತ್ತಿದ್ದರು. ಮೊದಲು ಶೇ. 40 ಸೈಟು ಬಿಡುಗಡೆ, ಕೆಲಸ ಮುಂದುವರಿದ ಮೇಲೆ 30, ಪೂರ್ತಿ ಮುಗಿದ ಮೇಲೆ ಉಳಿದ 30. ಚರಂಡಿ ಸರಿ ಇಲ್ಲದಿದ್ದರೆ ಕೊನೆಯ 30 ಯಾಕೆ ಬಿಡುತ್ತಾರೆ? ತಪ್ಪು ನನ್ನದೇ. ಹದಿನಾಲ್ಕು ತಿಂಗಳು ಕೈಸಾಲಕ್ಕೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಕಟ್ಟಿದೆ. ಲಾಭ ಎಲ್ಲಾ ಅಲ್ಲೇ ಹೋಯಿತು.

ಎರಡನೆಯದು 3 ಎಕರೆ 10 ಗುಂಟೆ. ಐವತ್ತೈದರ ಆಸುಪಾಸು ಸೈಟು, 9 ಮೀಟರ್ ರಸ್ತೆಗಳು, ಎಲ್ಲಾ ಸೇರಿ ಸುಮಾರು 1,400 ಅಡಿ ಉದ್ದ. ಈ ಸಲ ಜೆಸಿಬಿ ಕರೆಸುವ ಮೊದಲೇ ಹದ್ದುಬಸ್ತಿಗೆ, ಅಂದರೆ ಸರ್ವೆಯವರು ಅಳೆದು ಗಡಿ ಗುರುತಿಸಲಿ ಅಂತ, ಅರ್ಜಿ ಹಾಕಿದೆ. ಗ್ರಾಮ ನಕ್ಷೆಯಲ್ಲಿ ಹಳ್ಳ ಸ್ಪಷ್ಟವಾಗಿತ್ತು, ಪಹಣಿಯಲ್ಲಿ ಬಿ ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ) ಅಂತ ಇತ್ತು. ನೆಲದ ಮೇಲೆ ನೋಡಿದರೆ ಹಳ್ಳವೇ ಇಲ್ಲ, ಪಕ್ಕದ ಹೊಲದ ಅಜ್ಜ ಉತ್ತು ಮೆಕ್ಕೆಜೋಳ ಹಾಕಿದ್ದ. ಅಳತೆ ಆಗಿ ಕಲ್ಲು ನೆಡುವಷ್ಟರಲ್ಲಿ ಮೂರು ತಿಂಗಳು ಹೋಯಿತು. ಅಜ್ಜ ಒಂದು ವಾರ ಮಾತು ಬಿಟ್ಟ. ಆಮೇಲೆ ಅವನೇ ಬಂದು, ‘ಹಳ್ಳ ತುಂಬಿದ್ರೆ ನೀರು ಆ ಬೇವಿನ ಮರದ ಬುಡಕ್ಕೆ ಬರ್ತೈತಿ ನೋಡಪಾ’ ಅಂದ. ಆ ಒಂದು ಮಾತು ನೆಲದ ಎತ್ತರ ಅಳೆಯುವ ಆಟೋ ಲೆವೆಲ್ ಯಂತ್ರಕ್ಕಿಂತ ಬೆಲೆಯದು. ಬೇವಿನ ಬುಡದ ಲೆವೆಲ್ ತೆಗೆದು, ಅದಕ್ಕಿಂತ ಒಂದು ಗೇಣು ಮೇಲೆ ಚರಂಡಿಯ ಬಾಯಿ ಇಟ್ಟೆ. ಅಲ್ಲಿಂದ ಹಿಮ್ಮುಖವಾಗಿ ಮೇಲಕ್ಕೆ ಹೋದೆ. ಇನ್ನೂರಕ್ಕೆ ಒಂದು ಇಳಿಜಾರು. ಉದ್ದದ ಸಾಲು 900 ಅಡಿ, ಅಂದರೆ ನಾಲ್ಕೂವರೆ ಅಡಿ ಇಳಿತ ಬೇಕು. ಕೆಳಗಿನ ಆರೇಳು ಸೈಟಿಗೆ ಮಣ್ಣು ಏರಿಸಬೇಕಾಯಿತು. ಅದಕ್ಕೆ ಒಂದೂವರೆ ಲಕ್ಷದ ಹತ್ತಿರ ಹೋಯಿತು, ಕೊಟ್ಟೆ.

ಚರಂಡಿಯ ತಳ ಗಟ್ಟಿಯಾದ ಮೇಲೆ ರಸ್ತೆಯ ಎತ್ತರ ತಾನಾಗಿ ಸಿಗುತ್ತದೆ, ಲೆಕ್ಕ ಹಾಕುವ ಕೆಲಸವೇ ಇಲ್ಲ. ಇನ್ನೊಂದು ಲಾಭ ನಾನೂ ಎಣಿಸಿರಲಿಲ್ಲ. ರಸ್ತೆ ಇನ್ನೂ ಮಣ್ಣಾಗಿದ್ದಾಗಲೇ ಪ್ರತಿ ಎರಡು ಸೈಟಿಗೆ ಒಂದರಂತೆ ಯುಜಿಡಿ (ಒಳಚರಂಡಿ) ಪೈಪು, ನೀರಿನ ಪೈಪು ಅಡ್ಡ ಹಾಯಿಸಿ ಬಾಯಿ ಮುಚ್ಚಿಟ್ಟೆ. ಮನೆ ಕಟ್ಟುವವರು ಈಗ ರಸ್ತೆ ಅಗೆಯುವುದಿಲ್ಲ.

ದುಡ್ಡು ಮಾತ್ರ ನೀರಿನಂತೆ ಹೋಯಿತು. ಎರಡೂ ಬದಿ ಕಾಂಕ್ರೀಟ್ ಚರಂಡಿ, ಒಳಗೆ ಒಂದೂವರೆ ಅಡಿ ಅಗಲ, ಹಳ್ಳ ಸೇರುವ ಬಾಯಿಯ ಹತ್ತಿರ ಎರಡೂವರೆ. ಅಡಿಗೆ ಒಂಬೈನೂರರ ಲೆಕ್ಕದಲ್ಲಿ ಇಪ್ಪತ್ತೈದು ಲಕ್ಷ ಚರಂಡಿಗೇ. ಆಗ ತೋರಿಸಲು ರಸ್ತೆ ಇಲ್ಲ, ಬರೀ ಕೆಸರು. ಗಿರಾಕಿಗಳು ಚಪ್ಪಲಿ ಕೈಲಿ ಹಿಡಿದು ವಾಪಸ್ ಹೋದರು. ಮೇಸ್ತ್ರಿಯೂ, ‘ಸಾಹುಕಾರ್ರೇ, ಚರಂಡಿ ನೋಡಿ ಯಾರ‍್ರೀ ಸೈಟ್ ತಗೊಂತಾರೆ?’ ಅಂದ. ಐದು ತಿಂಗಳು ಒಂದೂ ಅಡ್ವಾನ್ಸ್ ಬರಲಿಲ್ಲ. ಮನೆಯಾಕೆಯ ಬಳೆ ಬ್ಯಾಂಕಿಗೆ ಹೋದವು. ಭಾವ ಪಾಲು ವಾಪಸ್ ಕೇಳುವ ಮಟ್ಟಕ್ಕೆ ಬಂದ.

ಚರಂಡಿ ಮುಗಿದ ದಿನ ನಾನು ಮಾಡಿದ ಪರೀಕ್ಷೆ ಹೇಳುತ್ತೇನೆ, ಇದನ್ನು ಬಚ್ಚಿಡುವುದಿಲ್ಲ. ಐದೈದು ಸಾವಿರ ಲೀಟರಿನ ಎರಡು ಟ್ಯಾಂಕರ್ ನೀರನ್ನು ಮೇಲಿನ ತುದಿಯಲ್ಲಿ ಒಂದರ ಹಿಂದೆ ಒಂದು ಬಿಡಿಸಿದೆ. ಒಂದು ನಿಂಬೆಹಣ್ಣು ತೇಲಿಬಿಟ್ಟು ಅದರ ಜೊತೆ ನಡೆದೆ. ಮೊದಲ ಸಲ ಮುನ್ನೂರು ಅಡಿಯಲ್ಲಿ ನಿಂಬೆ ಸುಮ್ನೆ ನಿಂತಿತು. ಅಲ್ಲಿ ತಳ ಅರ್ಧ ಇಂಚು ಉಬ್ಬಿತ್ತು, ದಾರ ಹಿಡಿದಾಗ ಕಂಡಿರಲಿಲ್ಲ. ಅದನ್ನು ಕೆರೆಸಿ ಮತ್ತೆ ಬಿಟ್ಟಾಗ ಎಂಟು ನಿಮಿಷಕ್ಕೆ ಹಳ್ಳ ಸೇರಿತು. ಅಷ್ಟು ಓಡಿದರೆ ಮರಳು ಕೂರುವುದಿಲ್ಲ.

ನಡುವೆ ಎರಡು ಹುಚ್ಚು ಪ್ರಯೋಗ ಮಾಡಿದೆ. ಪಾರ್ಕಿನ ಮೂಲೆಯಲ್ಲಿ ಹತ್ತಡಿ ಆಳಕ್ಕೆ ರಿಂಗ್ ಇಳಿಸಿ ಇಂಗುಗುಂಡಿ ಮಾಡಿದೆ. ಎರೆಯಲ್ಲಿ ನೀರು ಎಲ್ಲಿ ಇಂಗುತ್ತದೆ? ಎರಡು ತಿಂಗಳು ಹಾಗೇ ನಿಂತು ಸೊಳ್ಳೆ ಸಾಕಿದ್ದಾಯಿತು. ಮುಚ್ಚಿಸಿದೆ, ಮೂವತ್ತೈದು ಸಾವಿರ ದಂಡ.

ಇನ್ನೊಂದು ಸುಣ್ಣ. ಎರೆ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ, ಮೇಲಿನ ರಸ್ತೆಯನ್ನೂ ಜೊತೆಗೆ ಎಳೆಯುತ್ತದೆ. ಒಂದೂವರೆ ಅಡಿ ಎರೆ ತೆಗೆದು ಗರಸು (ಕಲ್ಲುಮಿಶ್ರಿತ ಗಟ್ಟಿ ಮಣ್ಣು) ತುಂಬಿಸಿದರೆ ಎಲ್ಲಾ ರಸ್ತೆಗೆ ಸುಮಾರು ನೂರೈವತ್ತು ಲೋಡು, ಆರೇಳು ಲಕ್ಷ. ಮುನ್ನೂರು ಅಡಿಯ ಒಂದು ಅಡ್ಡರಸ್ತೆಯಲ್ಲಿ ಮಾತ್ರ ಎರೆಗೇ ಸುಣ್ಣ ಬೆರೆಸಿ ನೋಡೋಣ ಅಂತ ಏಳು ಟನ್ ತರಿಸಿದೆ, ಐವತ್ತು ಸಾವಿರದ ಒಳಗೆ. ಮೊದಲ ಸಲ ಮಣ್ಣು ಹಸಿ ಇದ್ದಾಗ ರೋಟವೇಟರ್ ಹೊಡೆಸಿದೆ. ಹೆಂಟೆ ಹೆಂಟೆಯಾಗಿ ಸುಣ್ಣ ಮೇಲೇ ಉಳಿಯಿತು. ಬಿಸಿಲಿಗೆ ಒಣಗಿಸಿ ಮತ್ತೆ ಹೊಡೆಸಿದಾಗ ಪುಡಿಯಾಯಿತು. ನೀರು ಕೊಟ್ಟು ಎಷ್ಟು ದಿನ ಬಿಟ್ಟು ರೋಲರ್ ಹತ್ತಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಎರಡು ಮಳೆಗಾಲ ಆಯಿತು. ಗರಸು ಹಾಕಿದ ರಸ್ತೆಯ ಅಂಚಿನಲ್ಲಿ ಕೂದಲೆಳೆ ಬಿರುಕು ಬಂದಿದೆ, ಸುಣ್ಣದ ರಸ್ತೆಯಲ್ಲಿ ಇನ್ನೂ ಇಲ್ಲ.

ಚರಂಡಿ ಹಾಳಾಗುವುದು ಮಳೆಯಿಂದಲ್ಲ, ಮನೆ ಮುಂದಿನ ರ‍್ಯಾಂಪಿನಿಂದ. ಕಾರು ಹತ್ತಿಸಲು ಜನ ಚರಂಡಿಯೊಳಗೇ ಕಾಂಕ್ರೀಟ್ ಸುರಿಯುತ್ತಾರೆ. ನಾನು ಕರಾರು ಪತ್ರದಲ್ಲೇ ರ‍್ಯಾಂಪ್ ಸೈಟಿನ ಗಡಿಯೊಳಗೆ ಅಂತ ಬರೆಸಿದೆ, ಚರಂಡಿ ಮುಚ್ಚುವ ಚಪ್ಪಡಿಗಳಿಗೆ ಎತ್ತುವ ಕೊಂಡಿ ಹಾಕಿಸಿದೆ. ಆದರೂ ಇಬ್ಬರು ಸುರಿದರು. ಒಬ್ಬರು ತೆಗೆಸಿದ್ದಾರೆ. ಇನ್ನೊಬ್ಬರ ಜೊತೆ ಜಗಳ ನಡೆದಿದೆ.

ಕೊನೆಯ 30 ಈ ಸಲ ಒಂದೇ ತಪಾಸಣೆಗೆ ಸಿಕ್ಕಿತು. ರಸ್ತೆ, ಪಾರ್ಕು ಬರೆದುಕೊಟ್ಟು ಕೈ ತೊಳೆದುಕೊಂಡೆ. ಬಳೆ ಬಿಡಿಸಿದ್ದಾಯಿತು, ಮೇಲೆ ಒಂದು ಜೊತೆ ಹೊಸದೂ ಬಂತು. ಹರಿಹರ ರಸ್ತೆಯಲ್ಲಿ ಈಗ ಇನ್ನೊಂದು ನಾಲ್ಕು ಎಕರೆ ನೋಡಿದ್ದೇವೆ. ಮೊನ್ನೆ ಭಾವ ನನಗೆ ಹೇಳದೆ ಹೋಗಿ ಹದ್ದುಬಸ್ತಿಗೆ ಅರ್ಜಿ ಹಾಕಿ ಬಂದಿದ್ದಾನೆ.