ಕೊರಳೆಲುಬಿಗೇ ನಿಂತ ಸ್ಕ್ಯಾನ್ ಸಾಲದು

ಇ.ಎನ್.ಟಿ.ಯಿಂದ ಬರುವ ಚೀಟಿಯಲ್ಲಿ ಸಾಮಾನ್ಯವಾಗಿ ಒಂದೇ ಸಾಲು: ‘ಎಡ ಧ್ವನಿತಂತು ಅಲುಗುತ್ತಿಲ್ಲ, ಸಿ.ಟಿ. ನೆಕ್.’ ಅಲುಗುತ್ತಿಲ್ಲ ಎಂಬುದನ್ನು ಅವರು ಎಂಡೋಸ್ಕೋಪಿಯಲ್ಲಿ ಆಗಲೇ ಕಣ್ಣಾರೆ ಕಂಡಿರುತ್ತಾರೆ. ಸ್ಕ್ಯಾನ್ ಓದುವ ರೇಡಿಯಾಲಜಿಸ್ಟ್ ಆಗಿ ನಾನು ಹುಡುಕಬೇಕಾದದ್ದು, ತಂತುವನ್ನು ಅಲುಗಿಸುವ ನರಕ್ಕೆ ಏಟು ಎಲ್ಲಿ ಬಿದ್ದಿದೆ ಅನ್ನುವುದನ್ನು. ಆ ನರದ ಹೆಸರು ರಿಕರೆಂಟ್ ಲ್ಯಾರಿಂಜಿಯಲ್. ಎಡಗಡೆಯದು ಎದೆಗಿಳಿದು, ಹೃದಯದಿಂದ ಹೊರಡುವ ಮಹಾಪಧಮನಿ ಅಯೋರ್ಟಾದ ಕಮಾನಿನಡಿ ಬಳಸಿ ಮತ್ತೆ ಮೇಲೇರುತ್ತದೆ. ಹಾಗಾಗಿ ತಲೆಬುರುಡೆಯ ತಳದಿಂದ ಶ್ವಾಸಕೋಶಕ್ಕೆ ಹೋಗುವ ಪಲ್ಮನರಿ ಆರ್ಟರಿ ಕವಲೊಡೆಯುವ ಮಟ್ಟದವರೆಗೂ ತೆಗೆಯುತ್ತೇನೆ. ಬಲಗಡೆಯದು ಕೊರಳೆಲುಬಿನ ಹಿಂದಿನ ಸಬ್‌ಕ್ಲೇವಿಯನ್ ಆರ್ಟರಿಯನ್ನಷ್ಟೇ ಬಳಸುತ್ತದೆ. ಅದಕ್ಕೆ ಸ್ಕ್ಯಾನ್‌ನಲ್ಲಿ ಶ್ವಾಸಕೋಶದ ಮೇಲ್ತುದಿ ತಪ್ಪದಿದ್ದರೆ ಸಾಕು.

ರಕ್ತನಾಳಗಳನ್ನು ಹೊಳೆಸಿ ತೋರಿಸುವ ಔಷಧಿ, ಕಾಂಟ್ರಾಸ್ಟ್, 80 ಮಿ.ಲೀ., ಸೆಕೆಂಡಿಗೆ 2ರಿಂದ 2.5 ಮಿ.ಲೀ., ಸ್ಕ್ಯಾನ್ ಸುಮಾರು 70ನೇ ಸೆಕೆಂಡಿಗೆ. ಸೂಜಿ ಬಲಗೈಗೇ ಹಾಕಿಸುತ್ತೇನೆ. ಎಡಗೈಗೆ ಹಾಕಿದರೆ ಕಮಾನಿನ ಮುಂದೆ ಹಾಯುವ ರಕ್ತನಾಳದಲ್ಲಿ ಗಟ್ಟಿ ಕಾಂಟ್ರಾಸ್ಟ್ ಉಳಿದು, ಅದರ ಹೊಳಪಿನ ಗೆರೆಗಳು ನೋಡಬೇಕಾದ ಜಾಗವನ್ನೇ ಹಾಳುಮಾಡುತ್ತವೆ.

ಹೆಚ್ಚು ಕೆಡುವುದು ಉಸಿರಿನಲ್ಲಿ. ಮಷೀನಿನ ರೆಕಾರ್ಡ್ ಮಾಡಿದ ದನಿ ‘ಉಸಿರು ಹಿಡಿಯಿರಿ’ ಅಂದುಬಿಡುತ್ತದೆ. ಹಿಡಿದರೆ ಸರಿಯಿರುವ ತಂತುವೂ ನಡುವಿಗೆ ಬಂದು, ಎರಡೂ ಒಂದೇ ಥರ ಕಾಣುತ್ತವೆ. ಆ ದನಿ ಆಫ್ ಮಾಡಿಸಿ ನಾವೇ ಹೇಳುತ್ತೇವೆ: ‘ನುಂಗ್‌ಬೇಡಿ, ಮಾತಾಡ್‌ಬೇಡಿ, ಉಸಿರು ಹಿಡೀಬೇಡಿ. ಸುಮ್ನೆ ಮೆಲ್ಲಗೆ ಉಸಿರಾಡ್ತಾ ಇರಿ.’

1 ಮಿ.ಮೀ. ಸ್ಲೈಸ್‌ಗಳನ್ನು ಧ್ವನಿತಂತುಗಳಿಗೆ ಸಮಾನಾಂತರವಾಗಿ ತಿರುಗಿಸಿಕೊಳ್ಳುತ್ತೇನೆ. ಲಕ್ವ ಹೊಡೆದ ಕಡೆ ಧ್ವನಿಪೆಟ್ಟಿಗೆಯ ಪಕ್ಕದ ಗುಳಿ (ಪೈರಿಫಾರ್ಮ್ ಸೈನಸ್) ಅಗಲವಾಗಿರುತ್ತದೆ, ಧ್ವನಿಪೆಟ್ಟಿಗೆಯ ಬಾಯಿಯಂಚಿನ ಆರಿಎಪಿಗ್ಲಾಟಿಕ್ ಮಡಿಕೆ ದಪ್ಪಗಾಗಿ ಒಳಕ್ಕೆ ವಾಲಿರುತ್ತದೆ, ತಂತುವಿನ ಮೇಲಿನ ಸಂದು (ವೆಂಟ್ರಿಕಲ್) ಗಾಳಿ ತುಂಬಿದ ಹಾಯಿಯಂತೆ ಉಬ್ಬಿರುತ್ತದೆ. ಒಂದೇ ಗುರುತು ಹಿಡಿದು ರಿಪೋರ್ಟ್ ಬರೆಯುವುದಿಲ್ಲ. ತಲೆ ಚೂರು ವಾಲಿದ್ದರೂ ಎರಡು ಬದಿ ಬೇರೆಬೇರೆ ಕಾಣುತ್ತವೆ. ಗಂಟಲಿಗೆ ಉಸಿರಿನ ಟ್ಯೂಬ್ ಹಾಕಿದ ಆಪರೇಷನ್ ಆದಮೇಲೆ ದನಿ ಹೋಗಿದ್ದರೆ ತಂತುವಿನ ಹಿಂತುದಿ ಅಂಟಿರುವ ಮೃದ್ವಸ್ಥಿ ಅರಿಟಿನಾಯ್ಡ್‌ನ ಕೀಲು ತಪ್ಪಿದೆಯೇ ಎಂದೂ ನೋಡಬೇಕು. ಅದು ಲಕ್ವವೇ ಅಲ್ಲ.

ಆಮೇಲೆ ನರದ ದಾರಿ ಹಿಡಿಯುವ ಕೆಲಸ. ನರ ಕಾಣುವುದಿಲ್ಲ, ಅದರ ನೆರೆಹೊರೆ ಕಾಣುತ್ತದೆ. ಬುರುಡೆಯ ತಳದ ಜುಗುಲರ್ ರಂಧ್ರದಿಂದ ಕತ್ತಿನ ದೊಡ್ಡ ಅಪಧಮನಿ ಕೆರೋಟಿಡ್ ಜೊತೆ ಇಳಿದು, ಅಯೋರ್ಟಾ ಮತ್ತು ಪಲ್ಮನರಿ ಆರ್ಟರಿಯ ನಡುವಿನ ಸಂದಿಯಲ್ಲಿ ನಿಂತು ಕೊಬ್ಬು ಕರಿದಾಗಿಯೇ ಇದೆಯೇ ಎಂದು ನೋಡುತ್ತೇನೆ. ಅಲ್ಲಿ ಬೂದು ಬಣ್ಣ ಕಂಡರೆ ಗೆಡ್ಡೆ: ಶ್ವಾಸಕೋಶದ ಕ್ಯಾನ್ಸರ್‌ನದೋ ಟಿ.ಬಿ.ಯದೋ. ಅಲ್ಲಿಂದ ಶ್ವಾಸನಾಳ-ಅನ್ನನಾಳದ ನಡುವಿನ ಕಾಲುವೆಯಲ್ಲಿ ಮೇಲೇರಿ, ಥೈರಾಯ್ಡ್‌ನ ಹಿಂಭಾಗದವರೆಗೆ. ಅದೇ ಕಡೆ ಗಂಟಲಿನ ಗೋಡೆ ಜೋತಿದ್ದರೆ, ನಾಲಿಗೆಯ ಅರ್ಧ ಸೊರಗಿದ್ದರೆ, ಪೆಟ್ಟು ಮೇಲೆಯೇ ಇದೆ. ಬುರುಡೆಯ ತಳಕ್ಕೆ ಎಂ.ಆರ್.ಐ. ಕೇಳುತ್ತೇನೆ.

ಕ್ಯಾನ್ಸರ್‌ನಂತೆ ಹೆಚ್ಚು ದುಡಿಯುವ ಜಾಗ ಹೊಳೆದು ಕಾಣುವ ಪೆಟ್ ಸ್ಕ್ಯಾನ್ ಇದ್ದರೆ ಎಚ್ಚರ. ಎಡ ತಂತು ನಿಂತುಹೋದಾಗ ಬಲದ್ದು ಎರಡರ ದುಡಿಮೆಯನ್ನೂ ಮಾಡಿ ಕೆಂಡದಂತೆ ಹೊಳೆಯುತ್ತದೆ. ಸಿ.ಟಿ. ಪಕ್ಕಕ್ಕಿಟ್ಟುಕೊಳ್ಳದೆ ಓದಿದರೆ, ಸರಿಯಿರುವ ತಂತುವಿನಿಂದಲೇ ಬಯಾಪ್ಸಿಗೆ ಚೂರು ತೆಗೆದುಬಿಡುತ್ತಾರೆ.