ಮುಧೋಳ ನಾಯಿಯನ್ನು ಮಲಗಿಸೋದಲ್ಲ, ಎಬ್ಬಿಸೋದೇ ಕೆಲಸ

ಬಾಗಲಕೋಟೆಯಲ್ಲಿ ಪಶುವೈದ್ಯನಾದವನಿಗೆ ಮುಧೋಳ ನಾಯಿ ತಪ್ಪಿದ್ದಲ್ಲ. ಕಳೆದ ಏಪ್ರಿಲ್‌ನಲ್ಲಿ ಲೋಕಾಪುರ ಕಡೆಯ ರೈತರೊಬ್ಬರು ಎಂಟು ವರ್ಷದ ಹೆಣ್ಣು ನಾಯಿ ತಂದರು. ಹಿಂದಿನ ಮೊಲೆಯ ಹತ್ತಿರ ನಿಂಬೆಹಣ್ಣಿನಷ್ಟು ಗಡ್ಡೆ. ಎದೆಯ ಎಕ್ಸ್-ರೇ ತೆಗೆಸಿದೆ. ಗಡ್ಡೆ ಶ್ವಾಸಕೋಶಕ್ಕೆ ಹರಡಿದ್ದರೆ ಕೊಯ್ದು ಏನು ಉಪಯೋಗ? ಎಕ್ಸ್-ರೇ ಸ್ವಚ್ಛವಾಗಿತ್ತು. ರಕ್ತ ಪರೀಕ್ಷೆಯೂ ಸರಿಯಿತ್ತು.

"ನಾಳೆ ಆಪರೇಷನ್, ರಾತ್ರಿಯಿಂದ ಏನೂ ತಿನ್ನಿಸಬೇಡಿ" ಎಂದು ಹೇಳಿ ಕಳಿಸಿದೆ. ಮರುದಿನ ಬೆಳಗ್ಗೆ ಕೇಳಿದರೆ, "ಅನ್ನ ಹಾಕಿಲ್ರೀ ಡಾಕ್ಟ್ರ, ಬರೇ ಅರ್ಧ ರೊಟ್ಟಿ!" ಸುಮ್ನೆ ವಾಪಸ್ ಕಳಿಸಿದೆ. ಮತ್ತಿನಲ್ಲಿ ನಾಯಿಗೆ ನುಂಗುವ ಶಕ್ತಿ ಇರೋದಿಲ್ಲ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದರೆ ನೇರ ಶ್ವಾಸಕೋಶಕ್ಕೇ ಇಳಿಯುತ್ತದೆ. ಅರ್ಧ ರೊಟ್ಟಿ ಸಾಕು.

ಮೂರನೇ ದಿನ ಖಾಲಿ ಹೊಟ್ಟೆಯಲ್ಲಿ ಬಂತು. ತೂಕ 22 ಕೆಜಿ. ಮೊದಲು ಮಂಪರಿನ ಇಂಜೆಕ್ಷನ್ ಕೊಟ್ಟು, ಮುಂಗಾಲಿನ ರಕ್ತನಾಳಕ್ಕೆ ಸೂಜಿ ಕೂಡಿಸಿದೆ. ಆಮೇಲೆ ಪ್ರೊಪೊಫಾಲ್. ಮತ್ತು ಬರಿಸುವ, ಹಾಲಿನಂಥ ಬಿಳಿ ಔಷಧಿ. ಇದನ್ನು ಲೆಕ್ಕ ಹಾಕಿ ಒಂದೇ ಸಲ ತಳ್ಳೋದಲ್ಲ; ನಾಯಿಯ ಮುಖ ನೋಡ್ತಾ ಚೂರು ಚೂರೇ ಬಿಡಬೇಕು. ಅವಸರ ಮಾಡಿದರೆ ಉಸಿರು ನಿಲ್ಲುತ್ತದೆ. ಕತ್ತು ವಾಲಿತು, ದವಡೆ ಸಡಿಲಾಯಿತು. ಗಂಟಲಿಗೆ ಟ್ಯೂಬ್ ಇಳಿಸಿ ಆಕ್ಸಿಜನ್ ಜೊತೆ ಮತ್ತಿನ ಗ್ಯಾಸ್ ಐಸೋಫ್ಲೂರೇನ್ ಶುರು ಮಾಡಿದೆವು. ಮತ್ತಿನಲ್ಲೂ ನಾಯಿಯ ಕಣ್ಣು ತೆರೆದೇ ಇರುತ್ತದೆ, ಒಣಗಬಾರದಲ್ವಾ, ಅದಕ್ಕೆ ಮುಲಾಮು ಹಚ್ಚಿದೆ.

ನಾನು ಇಷ್ಟು ಹುಷಾರಾಗಿರೋದಕ್ಕೆ ಕಾರಣ ಇದೆ. ಹೊಸದರಲ್ಲಿ ಒಂದು ಮುಧೋಳಕ್ಕೆ ಥಯೋಪೆಂಟೋನ್ ಅನ್ನೋ ಮತ್ತಿನ ಔಷಧಿ ಕೊಟ್ಟಿದ್ದೆ. ಅರ್ಧ ತಾಸಿನಲ್ಲಿ ಏಳಬೇಕಾದ ನಾಯಿ ಕತ್ತಲಾದರೂ ಏಳಲಿಲ್ಲ. ಆ ಔಷಧಿ ಮೆದುಳಿನಿಂದ ಇಳಿದು ಮಾಂಸಕ್ಕೆ, ಕೊಬ್ಬಿಗೆ ಹಂಚಿಹೋದಾಗ ಎಚ್ಚರವಾಗುತ್ತದೆ. ಈ ನಾಯಿಯ ಮೈಯಲ್ಲಿ ಕೊಬ್ಬು ಎಲ್ಲಿದೆ, ಪಕ್ಕೆಲುಬು ಎಣಿಸಬಹುದು! ಗ್ರೇಹೌಂಡ್‌ನಂಥ ಬೇಟೆನಾಯಿಗಳಲ್ಲಿ ಯಕೃತ್ತು ಕೂಡ ಅದನ್ನು ನಿಧಾನವಾಗಿ ಕರಗಿಸುತ್ತದೆ. ಮುಧೋಳದ್ದೂ ಅದೇ ಮೈಕಟ್ಟು. ಪುಸ್ತಕದಲ್ಲಿ ಓದಿದ್ದೆ, ಮರೆತಿದ್ದೆ. ರಾತ್ರಿಯೆಲ್ಲ ಅದರ ಪಕ್ಕ ಕೂತಿದ್ದೆ. ಅದು ಉಳಿಯಿತು. ಅವತ್ತಿನಿಂದ ಆ ಬಾಟಲಿ ಮುಟ್ಟಿಲ್ಲ.

ಗಡ್ಡೆ ತೆಗೆಯೋದು ದೊಡ್ಡ ಕೆಲಸವೇನಲ್ಲ. ನನ್ನ ಕಣ್ಣು ಥರ್ಮಾಮೀಟರ್ ಮೇಲೇ ಇತ್ತು. ಹೊರಗೆ 40 ಡಿಗ್ರಿ ಬಿಸಿಲು, ಮೇಜಿನ ಮೇಲೆ ನಾಯಿಗೆ ಚಳಿ! ಶುರುವಿನಲ್ಲಿ 101.5 ಫ್ಯಾರನ್‌ಹೀಟ್ ಇದ್ದದ್ದು ನಲವತ್ತು ನಿಮಿಷಕ್ಕೆ 97.8ಕ್ಕೆ ಇಳಿಯಿತು. ಮೈ ತಣ್ಣಗಾದಷ್ಟೂ ಎಚ್ಚರ ತಡ. ಎಸಿ ಆರಿಸಿದೆವು. ನನ್ನ ಸಹಾಯಕ ಸೋಡಾ ಬಾಟಲಿಗಳಿಗೆ ಬೆಚ್ಚನೆ ನೀರು ತುಂಬಿ, ಟವೆಲ್ ಸುತ್ತಿ ಪಕ್ಕದಲ್ಲಿಟ್ಟ. ನೀರು ಸುಡುವ ಹಾಗಿರಬಾರದು. ಮತ್ತಿನಲ್ಲಿರುವ ನಾಯಿ ಸುಟ್ಟರೂ ಸರಿಯೋದಿಲ್ಲ. ನಾಲ್ಕು ಪಾದಕ್ಕೂ ನಮ್ಮ ಮಗನ ಹಳೇ ಸಾಕ್ಸ್. ನೋಡೋಕೆ ನಗು ಬರುತ್ತದೆ, ಆದರೆ ಕೆಲಸ ಮಾಡುತ್ತದೆ.

ಹೊಲಿಗೆ ಮುಗಿಸಿ ಗ್ಯಾಸ್ ನಿಲ್ಲಿಸಿದೆ. ಟ್ಯೂಬ್ ಮಾತ್ರ ತೆಗೆಯಲಿಲ್ಲ. ನಾಯಿ ತಾನಾಗಿ ನುಂಗಲು ನೋಡಿದ ಮೇಲೇ ತೆಗೆಯೋದು. ಇಪ್ಪತ್ತು ನಿಮಿಷಕ್ಕೆ ಗಂಟಲು ಅಲುಗಿತು. ಟ್ಯೂಬ್ ತೆಗೆದ ಕೂಡಲೇ ಉದ್ದಕ್ಕೆ ಊಳಿಟ್ಟಿತು. ಹೊರಗೆ ರೈತರ ಹೆಂಡತಿ ಅಳೋಕೆ ಶುರು: "ನೋವಾಗಾಕತ್ತೈತೇನ್ರೀ?" ನೋವಿಗೆ ಮೊದಲೇ ಕೊಟ್ಟಿದ್ದೆ. ಮತ್ತಿನ ಔಷಧಿ ಇಳಿಯುವಾಗ ಎಲ್ಲಿದ್ದೇನೆ ಅಂತ ತಿಳಿಯದೆ ಕೆಲವು ನಾಯಿಗಳು ಹಾಗೆ ಕೂಗುತ್ತವೆ. ಅವರನ್ನೇ ಒಳಗೆ ಕರೆದು ತಲೆ ಹತ್ತಿರ ಕೂರಿಸಿದೆ. ಸುಮ್ಮನಾಯಿತು.

ಮನೆಗೆ ಕಳಿಸುವಾಗ ಹೇಳಿದ್ದು ಎರಡೇ: ಹೊಲಿಗೆ ನೆಕ್ಕದ ಹಾಗೆ ಕೊರಳಿಗೆ ಹಾಕಿದ ಕಾಲರ್ ಬಿಚ್ಚಬೇಡಿ, ನಿಮ್ಮ ನೋವಿನ ಗುಳಿಗೆ ನಾಯಿಗೆ ಕೊಡಬೇಡಿ.

ಹನ್ನೆರಡನೇ ದಿನ ಹೊಲಿಗೆ ಬಿಚ್ಚಲು ಬಂದರು. ನಾಯಿ ಬಾಗಿಲು ದಾಟಲು ಒಪ್ಪಲೇ ಇಲ್ಲ. ಕೊನೆಗೆ ನಾನೇ ಕತ್ತರಿ ಹಿಡಿದು ಹೊರಗೆ ಹೋಗಿ, ಬೇವಿನ ಮರದ ಕೆಳಗೆ ನಿಂತಿದ್ದ ಅವರ ಟಂಟಂನಲ್ಲೇ ಬಿಚ್ಚಿದೆ. ಗಡ್ಡೆಯ ತುಂಡನ್ನು ಪರೀಕ್ಷೆಗೆ ಕಳಿಸಿದ್ದ ವರದಿ ಅವತ್ತಿಗೂ ಬಂದಿರಲಿಲ್ಲ.