ಮುಟ್ಟು ನಿಂತ ಮೇಲಿನ ಒಣಗು, ಉರಿ: ಕಾಸರಗೋಡಿನಲ್ಲಿ ಈಸ್ಟ್ರೋಜನ್ ಕ್ರೀಮ್ ಪಡೆಯುವುದು, ಹಚ್ಚುವುದು

ಮುಟ್ಟು ನಿಲ್ಲುವ ಕಾಲದ ಮೈಬಿಸಿ, ರಾತ್ರಿ ಬೆವರು ಹೆಚ್ಚಿನವರಲ್ಲಿ ಕೆಲವು ವರ್ಷ ಕಾಡಿ ತಾನಾಗಿ ತಗ್ಗುತ್ತದೆ. ಯೋನಿ ಒಣಗುವುದು ಹಾಗಲ್ಲ, ಬಿಟ್ಟಷ್ಟೂ ಹೆಚ್ಚುತ್ತದೆ. ಈಸ್ಟ್ರೋಜನ್ ಎಂಬ ಹೆಣ್ಣಿನ ಹಾರ್ಮೋನು ಇಳಿದಂತೆ ಒಳಪದರ ತೆಳುವಾಗುತ್ತದೆ, ಹಿಗ್ಗುವ ಗುಣ ಕಳೆದುಕೊಳ್ಳುತ್ತದೆ. ಅಲ್ಲಿ ವಾಸವಿದ್ದ ಒಳ್ಳೆಯ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾಗಳು ಕಡಿಮೆಯಾಗಿ, 4.5ರ ಒಳಗಿದ್ದ ಪಿಎಚ್ (ಹುಳಿಯ ಅಳತೆ, ಏರಿದಷ್ಟೂ ಹುಳಿ ಕಡಿಮೆ) 5 ದಾಟುತ್ತದೆ. ಮೂತ್ರನಾಳದ ಬಾಯಿಗೂ ಅದೇ ಗತಿ. ಆದ್ದರಿಂದ ಒಬ್ಬರಿಗೆ ತುರಿಕೆ, ಇನ್ನೊಬ್ಬರಿಗೆ ಗಂಡನ ಜೊತೆ ಕೂಡುವಾಗ ನೋವು, ಮತ್ತೊಬ್ಬರಿಗೆ ಎರಡು ತಿಂಗಳಿಗೊಮ್ಮೆ ಉರಿಮೂತ್ರ. ಮೂರಕ್ಕೂ ಬೇರು ಒಂದೇ ಆಗಿರಬಹುದು, ಮದ್ದೂ ಒಂದೇ ಇರಬಹುದು: ಆ ಜಾಗಕ್ಕಷ್ಟೇ ಹಾಕುವ ಸಣ್ಣ ಪ್ರಮಾಣದ ಈಸ್ಟ್ರೋಜನ್.

ಈ ಮದ್ದು ಕೆಲಸ ಮಾಡದೆ ಹೋಗುವುದು ಕಡಿಮೆ. ಕೆಲಸ ಕೆಡುವುದು ಮದ್ದಿನ ಆಚೀಚೆ: ತೊಂದರೆಯನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳದಿರುವುದರಲ್ಲಿ, ಮತ್ತು ಗುಣವಾಯಿತೆಂದು ಬೇಗ ನಿಲ್ಲಿಸುವುದರಲ್ಲಿ.

ಮೊದಲು ನೋಡಬೇಕಾದ್ದು

ಮುಟ್ಟು ನಿಂತು 12 ತಿಂಗಳು ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಕ್ರೀಮ್‌ನ ಮಾತು ಆಮೇಲೆ. ಮೊದಲು ಗರ್ಭಕೋಶದ ಸ್ಕ್ಯಾನ್ ಆಗಬೇಕು. ಒಳಪದರದ ದಪ್ಪ 4 ಮಿಲಿಮೀಟರಿಗಿಂತ ಹೆಚ್ಚಿದ್ದರೆ ಅಥವಾ ರಕ್ತ ಮತ್ತೆ ಮತ್ತೆ ಕಂಡರೆ ತುಣುಕು ತೆಗೆದು ಪರೀಕ್ಷೆ ಮಾಡಿಸುತ್ತಾರೆ. ಒಣಗಿದ ಯೋನಿಯ ಪದರವೂ ಸವೆದು ರಕ್ತ ಬರುವುದುಂಟು, ನಿಜ. ಆದರೆ ಅದನ್ನು ತೀರ್ಮಾನಿಸಬೇಕಾದವರು ನೀವಲ್ಲ, ಮೆಡಿಕಲ್ ಶಾಪಿನವರೂ ಅಲ್ಲ.

ಸ್ತನ ಕ್ಯಾನ್ಸರ್ ಆಗಿದ್ದರೆ, ಅದರಲ್ಲೂ ಈಸ್ಟ್ರೋಜನ್ ತಗ್ಗಿಸುವ ಲೆಟ್ರೊಜೋಲ್ ಅಥವಾ ಅನಾಸ್ಟ್ರೊಜೋಲ್ ಮಾತ್ರೆ ನಡೆಯುತ್ತಿದ್ದರೆ, ಕ್ಯಾನ್ಸರ್ ವೈದ್ಯರನ್ನು ಕೇಳದೆ ಮುಟ್ಟಬೇಡಿ. ಗರ್ಭಕೋಶದ ಕ್ಯಾನ್ಸರ್ ಆಗಿದ್ದರೂ, ಹಿಂದೆ ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದರೂ ಅದನ್ನು ತಪ್ಪದೆ ಹೇಳಿ.

ತುರಿಕೆಯೆಲ್ಲ ಒಣಗುವಿಕೆಯಲ್ಲ. ಚರ್ಮ ಬೆಳ್ಳಗೆ ಕಾಗದದಂತಾಗಿ ತುರಿಸುತ್ತಿದ್ದರೆ ಅದು ಲೈಕೆನ್ ಸ್ಕ್ಲೆರೋಸಸ್ ಎಂಬ ಬೇರೆ ಕಾಯಿಲೆ ಇರಬಹುದು, ಅದರ ಚಿಕಿತ್ಸೆ ಬೇರೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ ಫಂಗಸ್ ಇರಬಹುದು. ಸಕ್ಕರೆ ಇಲ್ಲದ, ಹಾರ್ಮೋನು ತೆಗೆದುಕೊಳ್ಳದ, ಮುಟ್ಟು ನಿಂತವರಲ್ಲಿ ಫಂಗಸ್ ಮೊದಲಿಗಿಂತ ಕಡಿಮೆ ಎಂಬುದನ್ನೂ ನೆನಪಿಡಿ. ಪರೀಕ್ಷೆಯಿಲ್ಲದೆ ನಾಲ್ಕನೆಯ ಸಲ ಕ್ಲೋಟ್ರಿಮಜೋಲ್ ಎಂಬ ಫಂಗಸ್ ಗುಳಿಗೆ ಇಡಲು ಹೇಳಿದರೆ ಕಾರಣ ಕೇಳಿ.

ಎಲ್ಲಿಗೆ, ಯಾವ ಮಾತಿನಲ್ಲಿ

ಊರಿನ ಕುಟುಂಬ ಆರೋಗ್ಯ ಕೇಂದ್ರದ ವೈದ್ಯರೂ ಈ ಮದ್ದಿನ ಚೀಟಿ ಬರೆಯಬಹುದು, ಹೆಚ್ಚಾಗಿ ಸ್ತ್ರೀರೋಗ ತಜ್ಞರ ಕಡೆಗೆ ಕಳುಹಿಸುತ್ತಾರೆ. ಸರ್ಕಾರಿ ದಾರಿಯಲ್ಲಿ ಕಾಸರಗೋಡು ಜನರಲ್ ಆಸ್ಪತ್ರೆ, ಕಾಞಂಗಾಡಿನ ಜಿಲ್ಲಾ ಆಸ್ಪತ್ರೆ ಇವೆ. ಮಂಜೇಶ್ವರ, ಕುಂಬಳೆ ಕಡೆಯವರು ಹೇಗೂ ಮಂಗಳೂರಿನ ಬಸ್ಸು ಹತ್ತುವವರು, ಅಲ್ಲಿ ಲೇಡಿಗೋಶನ್ ಆಸ್ಪತ್ರೆ ಹೆಂಗಸರಿಗೇ ಇರುವುದು. ಬದಿಯಡ್ಕ, ಮುಳ್ಳೇರಿಯದ ಕಡೆಯಿಂದ ಹೊರಡುವುದಾದರೆ ಗೈನಕಾಲಜಿ ಓಪಿ ಯಾವ ದಿನ ಎಂದು ಫೋನಿನಲ್ಲಿ ಕೇಳಿಯೇ ಹೊರಡಿ, ಅರ್ಧ ದಿನ ಉಳಿಯುತ್ತದೆ. ಮಂಗಳೂರಿನ ವೈದ್ಯರ ಚೀಟಿಗೆ ಗಡಿಯ ಈಚೆ ಕೇರಳದ ಅಂಗಡಿಯಲ್ಲೂ ಮದ್ದು ಕೊಡುತ್ತಾರೆ.

ಮಂಗಳೂರಿನಲ್ಲಿ ಕನ್ನಡವೋ ತುಳುವೋ ನಡೆಯುತ್ತದೆ. ಜಿಲ್ಲೆಯ ಒಳಗೆ ತೆಂಕಣ ಕೇರಳದಿಂದ ಬಂದ ವೈದ್ಯರು ಸಿಕ್ಕರೆ ಮಾತು ತೊಡರುತ್ತದೆ, ಮೊದಲೇ ನಾಚಿಕೆ, ಮೇಲೆ ಭಾಷೆ. ನಾಲ್ಕು ಮಲಯಾಳ ಪದ ಬರೆದುಕೊಂಡು ಹೋದರೆ ಸಾಕು: ಒಣಗುವುದಕ್ಕೆ ‘ವರಳ್ಚ’, ಉರಿಗೆ ‘ನೀಟ್ಟಲ್’, ತುರಿಕೆಗೆ ‘ಚೊರಿಚ್ಚಿಲ್’, ಮುಟ್ಟು ನಿಲ್ಲುವುದಕ್ಕೆ ‘ಆರ್ತವವಿರಾಮಂ’. ‘ಬಂಧಪ್ಪೆಡುಂಬೋಳ್ ವೇದನ’ ಎಂದರೆ ಕೂಡುವಾಗ ನೋವು. ಹೇಳಲು ಬಾಯಿ ಬಾರದಿದ್ದರೆ ನೀವು ಬರೆದ ಚೀಟಿಯನ್ನೇ ಮುಂದಿಡಿ. ಬರೀ ‘ಅಲ್ಲಿ ತೊಂದರೆ’ ಎಂದರೆ ಕೈಗೆ ಬರುವುದು ಬಿಳಿಸೆರಗಿನ ಮಾತ್ರೆ.

ಅದೇ ಚೀಟಿಯಲ್ಲಿ ಇಷ್ಟೂ ಇರಲಿ: ಕೊನೆಯ ಮುಟ್ಟು ಯಾವ ವರ್ಷ, ಗರ್ಭಕೋಶ ಅಥವಾ ಅಂಡಾಶಯ ತೆಗೆಸಿದ್ದೀರಾ, ನಡೆಯುತ್ತಿರುವ ಮಾತ್ರೆಗಳು, ಈವರೆಗೆ ಹಚ್ಚಿದ ಮುಲಾಮುಗಳು, ಒಂದು ವರ್ಷದಲ್ಲಿ ಎಷ್ಟು ಸಲ ಉರಿಮೂತ್ರಕ್ಕೆ ಆಂಟಿಬಯೋಟಿಕ್ ತಿಂದಿರಿ. ಈ ಕೊನೆಯದು ತುಂಬ ಮುಖ್ಯ. ಆರು ತಿಂಗಳಲ್ಲಿ 2 ಅಥವಾ ವರ್ಷದಲ್ಲಿ 3 ಸಲ ಮೂತ್ರದ ಸೋಂಕು ಆಗಿದ್ದರೆ, ಮುಟ್ಟು ನಿಂತವರಲ್ಲಿ ಅದನ್ನು ತಡೆಯಲಿಕ್ಕೇ ಯೋನಿಯ ಈಸ್ಟ್ರೋಜನ್ ಕೊಡುವ ರೂಢಿಯಿದೆ. ಮೂತ್ರದ ಕಲ್ಚರ್ ವರದಿ ಇದ್ದರೆ ತೆಗೆದುಕೊಂಡು ಹೋಗಿ.

ಒಳಪರೀಕ್ಷೆ ಮಾಡುವಾಗ ಸಣ್ಣ ಅಳತೆಯ ಉಪಕರಣ ಬಳಸಲು ಕೇಳಬಹುದು, ನೋವಾದರೆ ನಿಲ್ಲಿಸಲು ಹೇಳಬಹುದು. ‘ವಯಸ್ಸಾಯಿತಲ್ಲ, ಹಾಗೇ’ ಎಂಬ ಉತ್ತರ ಬಂದರೆ ಎದ್ದು ಬರಬೇಡಿ. ‘ನನಗೆ ಲೋಕಲ್ (ಆ ಜಾಗಕ್ಕಷ್ಟೇ ಹಾಕುವ) ಈಸ್ಟ್ರೋಜನ್ ಆಗುತ್ತದೆಯೇ, ಆಗದಿದ್ದರೆ ಯಾಕೆ?’ ಎಂದು ಒಂದೇ ಪ್ರಶ್ನೆ ಕೇಳಿ. ಅದಕ್ಕೆ ಹೌದು ಅಥವಾ ಕಾರಣ, ಎರಡರಲ್ಲೊಂದನ್ನು ಕೊಡಲೇಬೇಕಾಗುತ್ತದೆ.

ಚೀಟಿ ಮತ್ತು ಅಂಗಡಿ

ನಮ್ಮಲ್ಲಿ ಸಾಮಾನ್ಯವಾಗಿ ಬರೆಯುವುದು ಎರಡು ಕ್ರೀಮ್. ಒಂದು ಎಸ್ಟ್ರಿಯಾಲ್ ಎಂಬ ಈಸ್ಟ್ರೋಜನ್, ಗ್ರಾಮಿಗೆ 1 ಮಿಲಿಗ್ರಾಮ್, ಎವಾಲಾನ್ ಹೆಸರಿನ 15 ಗ್ರಾಮಿನ ಟ್ಯೂಬು. ಇನ್ನೊಂದು ಕಾಂಜುಗೇಟೆಡ್ ಈಸ್ಟ್ರೋಜನ್, ಗ್ರಾಮಿಗೆ 0.625 ಮಿಲಿಗ್ರಾಮ್, ಪ್ರೆಮಾರಿನ್ ವಜೈನಲ್ ಕ್ರೀಮ್. ಎರಡೂ ಹೆಸರಿನಲ್ಲಿ ನುಂಗುವ ಮಾತ್ರೆಯೂ ಇದೆ, ಅಂಗಡಿಯ ಎಡವಟ್ಟು ಇಲ್ಲೇ ಆಗುವುದು. ಕೌಂಟರಿನಲ್ಲೇ ಪೊಟ್ಟಣ ನೋಡಿ: ‘ಕ್ರೀಮ್’ ಎಂದಿರಬೇಕು, ಒಳಗೆ ಪ್ಲಾಸ್ಟಿಕ್ ಅಪ್ಲಿಕೇಟರ್ ಇದೆಯೇ ಎಂದು ಕೇಳಬೇಕು. ನುಂಗುವ ಮಾತ್ರೆ ಇಡೀ ಮೈಗೆ ಹೋಗುತ್ತದೆ, ಗರ್ಭಕೋಶ ಇರುವವರಿಗೆ ಅದರ ಲೆಕ್ಕವೇ ಬೇರೆ. ಸಣ್ಣ ಪ್ರಮಾಣದ ಕ್ರೀಮ್‌ಗೆ ಜೊತೆಯಲ್ಲಿ ಗರ್ಭಕೋಶದ ಒಳಪದರ ಕಾಯುವ ಪ್ರೊಜೆಸ್ಟರೋನ್ ಮಾತ್ರೆ ಸಾಮಾನ್ಯವಾಗಿ ಬೇಡ.

ಸಣ್ಣ ಪೇಟೆಗಳ ಅಂಗಡಿಯಲ್ಲಿ ಇದು ಯಾವಾಗಲೂ ಇರುವುದಿಲ್ಲ. ಫೋನಿನಲ್ಲಿ ಕೇಳಿ ತರಿಸಿಡಲು ಹೇಳುವುದು ಒಳ್ಳೆಯದು. ‘ಅದಿಲ್ಲ, ಇದು ಕೂಡ ಹಾಗೇ’ ಎಂದು ಸ್ಟಿರಾಯ್ಡ್, ಆಂಟಿಬಯೋಟಿಕ್, ಫಂಗಸ್ ಮದ್ದು ಮೂರೂ ಬೆರೆತ ಮುಲಾಮು ಕೊಟ್ಟರೆ ಬೇಡವೆನ್ನಿ. ಎರಡು ದಿನ ತುರಿಕೆ ನಿಲ್ಲಿಸುತ್ತದೆ, ಆಮೇಲೆ ಮೊದಲೇ ತೆಳುವಾದ ಚರ್ಮವನ್ನು ಇನ್ನಷ್ಟು ತೆಳು ಮಾಡುತ್ತದೆ.

ಚೀಟಿಯಲ್ಲಿ ಎಷ್ಟು ಗ್ರಾಮ್, ಎಷ್ಟು ರಾತ್ರಿ, ಆಮೇಲೆ ವಾರಕ್ಕೆಷ್ಟು ಎಂಬ ಮೂರೂ ಇರಬೇಕು. ಎಸ್ಟ್ರಿಯಾಲ್ ಕ್ರೀಮ್‌ಗೆ ವಾಡಿಕೆಯ ಕ್ರಮ ಹೀಗೆ: 0.5 ಗ್ರಾಮ್, ಮೊದಲ 2ರಿಂದ 3 ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆ 2 ರಾತ್ರಿ. ನಿಮ್ಮ ಚೀಟಿಯಲ್ಲಿ ಬೇರೆ ಇದ್ದರೆ ಚೀಟಿಯದೇ ಸರಿ. ಎರಡು ವಾರದ ಲೆಕ್ಕದಲ್ಲಿ 14 ರಾತ್ರಿಗೆ 7 ಗ್ರಾಮ್ ಹೋಗುತ್ತದೆ, ಉಳಿದ 8 ಗ್ರಾಮ್ ವಾರಕ್ಕೆ 1 ಗ್ರಾಮಿನಂತೆ 8 ವಾರಕ್ಕೆ. ಅಂದರೆ 15 ಗ್ರಾಮಿನ ಟ್ಯೂಬು ಸುಮಾರು 10 ವಾರ ಬರಬೇಕು. ತಿಂಗಳಲ್ಲೇ ಖಾಲಿಯಾದರೆ ಹೆಚ್ಚು ಹಾಕುತ್ತಿದ್ದೀರಿ. ಆರು ತಿಂಗಳಾದರೂ ಮುಗಿಯದಿದ್ದರೆ ಹಾಕುತ್ತಲೇ ಇಲ್ಲ.

ಹಾಕುವ ಬಗೆ

ರಾತ್ರಿ ಎಲ್ಲ ಕೆಲಸ ಮುಗಿದು, ಮೂತ್ರ ಹೊಯ್ದು ಬಂದು, ಮಲಗುವ ಮುಂಚೆ. ಹಾಕಿ ಎದ್ದು ಓಡಾಡಿದರೆ ಅರ್ಧ ಬಟ್ಟೆಗೆ ಹೋಗುತ್ತದೆ.

ಕೈ ಸೋಪಿನಲ್ಲಿ ತೊಳೆಯಿರಿ. ಟ್ಯೂಬಿನ ಮುಚ್ಚಳ ತೆಗೆದು ಅಪ್ಲಿಕೇಟರನ್ನು ಅದರ ಬಾಯಿಗೆ ತಿರುಗಿಸಿ ಕೂರಿಸಿ. ಟ್ಯೂಬನ್ನು ಬುಡದಿಂದ ಮೆಲ್ಲನೆ ಒತ್ತಿದರೆ ಒಳಗಿನ ದಂಡ ಹಿಂದಕ್ಕೆ ಸರಿಯುತ್ತ ಬರುತ್ತದೆ. ಹೇಳಿದ ಗೆರೆ ಬಂದಲ್ಲಿ ನಿಲ್ಲಿಸಿ, ಬಿಚ್ಚಿ. ಅಪ್ಲಿಕೇಟರ್ ತುಂಬ ತುಂಬಿಸುವುದು ಎಲ್ಲರೂ ಮಾಡುವ ತಪ್ಪು, ಪ್ರೆಮಾರಿನ್‌ನದರಲ್ಲಿ 2 ಗ್ರಾಮಿನವರೆಗೂ ಗೆರೆಗಳಿವೆ. ಅಂಗಾತ ಮಲಗಿ, ಮೊಣಕಾಲು ಮಡಚಿ ಅಗಲಿಸಿ. ಅಪ್ಲಿಕೇಟರನ್ನು ಹೊಕ್ಕುಳಿನ ಕಡೆಗಲ್ಲ, ಸೊಂಟದ ಹಿಂಬದಿಯ ಕಡೆಗೆ ವಾಲಿಸಿ ನೋವಾಗದಷ್ಟು ಒಳಗೆ ತಳ್ಳಿ, ದಂಡ ಒತ್ತಿ. ಮೇಲಕ್ಕೆ ತಳ್ಳಿದರೆ ಗೋಡೆಗೆ ತಾಗಿ ನೋಯುತ್ತದೆ, ‘ನನಗೆ ಒಳಗೇ ಹೋಗುವುದಿಲ್ಲ’ ಎನ್ನುವವರಲ್ಲಿ ಎಷ್ಟೋ ಸಲ ದಿಕ್ಕೇ ತಪ್ಪಿರುತ್ತದೆ. ಆಮೇಲೆ ಅಪ್ಲಿಕೇಟರಿನ ಎರಡು ತುಂಡನ್ನೂ ಬಿಡಿಸಿ ಸೋಪು, ಉಗುರು ಬೆಚ್ಚಗಿನ ನೀರಿನಲ್ಲಿ ತೊಳೆದು ಒಣಗಿಸಿ. ಕುದಿಸಬೇಡಿ, ಪ್ಲಾಸ್ಟಿಕ್ ಸೊಟ್ಟಗಾದರೆ ದಂಡ ಸರಿಯುವುದಿಲ್ಲ.

ಅಪ್ಲಿಕೇಟರ್ ನೋಯಿಸುವಷ್ಟು ಒಣಗಿದ್ದರೆ ಮೊದಲ ವಾರಗಳಲ್ಲಿ ಬೆರಳೇ ಸಾಕೇ ಎಂದು ವೈದ್ಯರನ್ನು ಕೇಳಿ. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಎಳೆದ ಕ್ರೀಮ್ ಹೆಚ್ಚುಕಮ್ಮಿ ಅರ್ಧ ಗ್ರಾಮ್. ಉಗುರು ಕತ್ತರಿಸಿರಬೇಕು. ಉರಿ ಯೋನಿಯ ಬಾಯಿಯಲ್ಲಿ, ಮೂತ್ರದ ದಾರಿಯಲ್ಲಿ ಇರುವವರು ಅದೇ ಅರ್ಧ ಗ್ರಾಮಿನಲ್ಲಿ ಸ್ವಲ್ಪವನ್ನು ಅಲ್ಲಿ ಸವರಬಹುದು.

ವಾರಕ್ಕೆರಡು ರಾತ್ರಿಯ ಹಂತದಲ್ಲಿ ದಿನ ಗೊತ್ತುಮಾಡಿಕೊಳ್ಳಿ, ಸೋಮವಾರ ಮತ್ತು ಗುರುವಾರ ಎಂದೋ ಮತ್ತೊಂದೋ. ಒಂದು ದಿನ ಮರೆತರೆ ಮರುದಿನ ಹಾಕಿ, ಎರಡು ಪಾಲು ಒಟ್ಟಿಗೆ ಬೇಡ. ಇದು ಜಾರುವುದಕ್ಕೆ ಹಚ್ಚುವ ಕ್ರೀಮ್ ಅಲ್ಲ, ಕೂಡುವ ಮುಂಚೆ ಹಾಕಿದರೆ ಗಂಡನ ಚರ್ಮಕ್ಕೂ ಹಾರ್ಮೋನು ತಾಗುತ್ತದೆ. ಅದಕ್ಕೆ ನೀರಿನ ಆಧಾರದ ಲೂಬ್ರಿಕೆಂಟ್ ಬೇರೆ ಸಿಗುತ್ತದೆ. ಮನೆಯ ತೆಂಗಿನೆಣ್ಣೆ ಹೊರಚರ್ಮಕ್ಕೆ ಹಿತ, ಆದರೆ ಲೇಟೆಕ್ಸ್ ಕಾಂಡೋಮನ್ನು ಹಾಳುಮಾಡುತ್ತದೆ. ಮುಟ್ಟು ಇನ್ನೂ ಪೂರ್ತಿ ನಿಂತಿಲ್ಲದವರು ಈ ಮಾತನ್ನು ಗಮನಿಸಬೇಕು.

ಡೆಟ್ಟಾಲ್, ಸೋಪು, ಪರಿಮಳದ ವಾಶ್, ಬೇವಿನೆಲೆ ಕುದಿಸಿದ ನೀರು, ಯಾವುದೂ ಒಳಗೆ ಬೇಡ. ಹೊರಗೆ ಬರೀ ನೀರು.

ಕೆಡುವುದು ಎಲ್ಲಿ

ಮೊದಲ ವಾರ ಸ್ವಲ್ಪ ಉರಿಯಬಹುದು. ತೆಳು ಪದರಕ್ಕೆ ಕ್ರೀಮ್‌ನ ಇತರ ಅಂಶಗಳೂ ತಾಗುತ್ತವೆ. ಅದೇ ತೆಳು ಪದರದ ಮೂಲಕ ಮೊದಮೊದಲು ಹಾರ್ಮೋನು ತುಸು ಹೆಚ್ಚು ಒಳಗೆ ಹೋಗುವುದರಿಂದ ಸ್ತನ ನೋಯಬಹುದು, ಪದರ ದಪ್ಪವಾದಂತೆ ಅದು ಇಳಿಯುತ್ತದೆ. ಉರಿ ದಿನೇದಿನೇ ಏರುತ್ತಿದ್ದರೆ ಅಥವಾ ಮೊಸರಿನಂಥ ಸೆರಗು, ತುರಿಕೆ ಶುರುವಾದರೆ ತೋರಿಸಿ. ಈಸ್ಟ್ರೋಜನ್ ಮರಳಿದಾಗ ಫಂಗಸ್ ಕೂಡ ಮರಳುವುದುಂಟು.

ಹತ್ತು ದಿನಕ್ಕೆ ಏನೂ ಆಗಲಿಲ್ಲವೆಂದು ಟ್ಯೂಬು ಎಸೆಯುವವರು ಅನೇಕರು. ಒಣಗು ಕಡಿಮೆಯಾದದ್ದು ತಿಳಿಯಲು 2ರಿಂದ 3 ವಾರ ಬೇಕು, ಪೂರ್ತಿ ಫಲಕ್ಕೆ 8ರಿಂದ 12 ವಾರ. ಕೂಡುವಾಗಿನ ನೋವು ಎಲ್ಲಕ್ಕಿಂತ ಕೊನೆಗೆ ಹೋಗುತ್ತದೆ.

ಇನ್ನು ಪೊಟ್ಟಣದೊಳಗಿನ ಕಾಗದ. ಓದಬಲ್ಲ ಮಗಳೋ ಸೊಸೆಯೋ ಅದನ್ನು ಬಿಡಿಸಿ ಕ್ಯಾನ್ಸರ್, ಪಾರ್ಶ್ವವಾಯು, ಹೃದಯಾಘಾತ ಎಂದು ಓದಿದಲ್ಲಿಗೆ ಎಷ್ಟೋ ಮನೆಗಳಲ್ಲಿ ಚಿಕಿತ್ಸೆ ಮುಗಿಯುತ್ತದೆ. ಅಂಥ ಎಚ್ಚರಿಕೆಗಳು ಬಹುಪಾಲು ಬಂದದ್ದು ಹಾರ್ಮೋನು ಮಾತ್ರೆ ನುಂಗಿದವರ ಅಧ್ಯಯನದಿಂದ, 2002ರಲ್ಲಿ ಅಮೆರಿಕದಲ್ಲಿ ಅರ್ಧಕ್ಕೆ ನಿಲ್ಲಿಸಿದ ದೊಡ್ಡ ಪ್ರಯೋಗ ಅದು. ವಾರಕ್ಕೆರಡು ಸಲದ ಅರ್ಧ ಗ್ರಾಮ್ ಕ್ರೀಮ್‌ನಿಂದ ರಕ್ತಕ್ಕೆ ಸೇರುವುದು ತೀರ ಕಡಿಮೆ. ಹೆದರಿಕೆ ಬಂದರೆ ಕಾಗದವನ್ನೇ ವೈದ್ಯರ ಮುಂದೆ ಹಿಡಿಯಿರಿ, ಕದ್ದು ನಿಲ್ಲಿಸಬೇಡಿ.

ಮೂರು ತಿಂಗಳಾದಾಗ ಒಂದು ಸಲ ಹೋಗಿ ತೋರಿಸಿ, ಆಮೇಲೆ ವರ್ಷಕ್ಕೊಮ್ಮೆ. ಗುಣವಾದ ಮೇಲೆ ನಿಲ್ಲಿಸಿದರೆ ಒಣಗು ಕೆಲವು ವಾರ, ತಿಂಗಳುಗಳಲ್ಲಿ ಮರಳುತ್ತದೆ, ಕಾರಣ ಈಸ್ಟ್ರೋಜನ್ ತಾನಾಗಿ ಮರಳುವುದಿಲ್ಲ. ವಾರಕ್ಕೆರಡು ರಾತ್ರಿಯ ಕ್ರಮವನ್ನು ವರ್ಷಗಟ್ಟಲೆ ನಡೆಸುವವರಿದ್ದಾರೆ. ಮಾರ್ಚ್, ಏಪ್ರಿಲಿನ ಸೆಕೆಯಲ್ಲಿ ಟ್ಯೂಬನ್ನು ಹಂಚಿನಡಿಯ ಅಟ್ಟದಲ್ಲಿಯೋ ಕಿಟಕಿಯಲ್ಲಿಯೋ ಇಡಬೇಡಿ. ಬಟ್ಟೆಯ ಕಪಾಟಿನ ಕೆಳಗಿನ ಖಾನೆ ತಂಪು, ಯಾರ ಕಣ್ಣಿಗೂ ಬೀಳುವುದೂ ಇಲ್ಲ. ಕ್ರೀಮ್ ನಡೆಯುತ್ತಿರುವಾಗ ರಕ್ತ ಕಂಡರೆ ಆ ರಾತ್ರಿಯಿಂದಲೇ ನಿಲ್ಲಿಸಿ, ಮುಂದಿನ ಓಪಿಗೆ ಹೋಗಿ.